ಕುರುಗೋಡಿನ ಹೆಡ್ಡಿನ ಕಾಲು ಹಿಡಿದ ಕೇಸು

ಶಿವನನ್ನು ನಂಬಿದವರಿಗೆ ಕಷ್ಟ ಬರುವುದಿಲ್ಲ ಅಂತ ನಾನು ಹೇಳಲಾರೆ. ಬರುತ್ತವೆ, ಬರುತ್ತಲೇ ಇರುತ್ತವೆ. ನಮ್ಮಂಥವರ ಮನೆಯ ದಾರಿ ಅವಕ್ಕೆ ಬಾಯಿಪಾಠ. ಆದರೆ ಅಳಿಸಲಿಕ್ಕೆ ಬಂದ ಕಷ್ಟ ಎಷ್ಟೋ ಸಲ ದಾರಿ ತಪ್ಪಿ ನಗಿಸಿ ಹೋಗಿದ್ದುಂಟು. ಅಂಥದೊಂದರ ನಾಲ್ಕಾರು ತುಣುಕುಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಡೆಯುವಾಗ ನನಗೆ ಒಂದು ಚೂರೂ ನಗು ಬರಲಿಲ್ಲ ಎಂಬುದನ್ನು ಓದುವವರು ನೆನಪಿನಲ್ಲಿಡಬೇಕು.

ನನ್ನದು ಬಳ್ಳಾರಿಯ ಸತ್ಯನಾರಾಯಣಪೇಟೆ. ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ವಿಭೂತಿ, ಕರ್ಪೂರ, ಊದಿನಕಡ್ಡಿ, ರುದ್ರಾಕ್ಷಿ ಮಾರುವುದು ನನ್ನ ಕಾಯಕ. ಒಂದು ವಾರ ಕುರುಗೋಡು, ಇನ್ನೊಂದು ವಾರ ಸಿರುಗುಪ್ಪ, ಅಲ್ಲಿಂದ ಹೊಳೆದಂಡೆಯ ರಾರಾವಿ. ದೇವರ ಮೇಲೆ ನನಗೆ ಎಷ್ಟು ಭಕ್ತಿಯೋ ಪೋಲೀಸರ ಮೇಲೆ ಅಷ್ಟೇ ಭಯ. ಖಾಕಿ ಬಟ್ಟೆ ಕಂಡರೆ ಸಾಕು, ಸೈಕಲ್ಲಿಳಿದು ಕೈ ಮುಗಿಯುತ್ತಿದ್ದೆ. ನಮ್ಮ ಓಣಿಯ ಅಂಚೆಯವ ಪಾಪ, ನನ್ನನ್ನು ಕಂಡ ಕೂಡಲೆ ದೂರದಿಂದಲೇ ಕೂಗುತ್ತಿದ್ದ: "ನಾನ್ರೀ ಅಂಚೀಯವ! ನಿಮಗ ಪತ್ರಾನೂ ಇಲ್ಲ, ಹೆದರಬ್ಯಾಡ್ರಿ!"

ಕರ್ಪೂರದ ದೀಪ

ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಸೀಮೆಎಣ್ಣೆ ಇನ್ನೂ ಬಂದಿರಲಿಲ್ಲ. ಕಂಟ್ರೋಲಿನಲ್ಲಿ ಅಳೆದು ಕೊಡುತ್ತಿದ್ದ ಎಣ್ಣೆ ಮನೆಯ ಬುಡ್ಡಿದೀಪಕ್ಕೇ ಸಾಲುತ್ತಿರಲಿಲ್ಲ. ಸೈಕಲ್ಲಿನ ದೀಪಕ್ಕೆ ಎಲ್ಲಿಂದ ತರುವುದು? ಆದರೆ ಕತ್ತಲಾದ ಮೇಲೆ ದೀಪವಿಲ್ಲದೆ ಸೈಕಲ್ ಓಡಿಸಿದರೆ ಹಿಡಿಯುತ್ತಾರೆ. ಅದರಲ್ಲೂ ಆಗ ಹೊಳೆಯಾಚೆ ನಿಜಾಮನ ಸೀಮೆಯಲ್ಲಿ ಗದ್ದಲ ಎದ್ದಿತ್ತು. ಈಚೆಯ ದಾರಿಗಳಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಹೊರಟವರನ್ನೆಲ್ಲ ಪೋಲೀಸರು ನಿಲ್ಲಿಸಿ ಕೇಳುತ್ತಿದ್ದರು.

ನಾನು ಒಂದು ಉಪಾಯ ಮಾಡಿದ್ದೆ. ಸೈಕಲ್ ದೀಪದೊಳಗೆ ಎಣ್ಣೆಯ ಬದಲು ಕರ್ಪೂರ ಇಟ್ಟು ಹಚ್ಚುವುದು. ಚೆನ್ನಾಗಿ ಉರಿಯುತ್ತದೆ, ವಾಸನೆಯೂ ಒಳ್ಳೆಯದು. ಒಂದೇ ತೊಂದರೆ ಅಂದರೆ ಊರ ಬಾವಿಯ ಹತ್ತಿರ ಹಚ್ಚಿದರೆ ಊರ ಬೇಲಿಯ ಹತ್ತಿರ ಮುಗಿದು ಹೋಗುತ್ತದೆ.

ಒಂದು ಸೋಮವಾರ ಕುರುಗೋಡಿನಲ್ಲಿ ದೊಡ್ಡಬಸವಣ್ಣನ ದರ್ಶನ ಮಾಡಿಕೊಂಡು, ವ್ಯಾಪಾರ ಮುಗಿಸಿ ಹೊರಟಾಗ ಹೊತ್ತು ಮುಳುಗಿತ್ತು. ಊರ ಬಾಗಿಲಲ್ಲಿ ಠಾಣೆಯ ಹೆಡ್ ಕಾನಿಸ್ಟೇಬಲ್ರು ನಿಂತಿದ್ದರು. ಊರವರೆಲ್ಲ ಅವರನ್ನು "ಹೆಡ್ಡು" ಅಂತಲೇ ಕರೆಯುತ್ತಿದ್ದರು. ಕೆಂಪು ರುಮಾಲು, ದಪ್ಪ ಮೀಸೆ, ಮೊಣಕಾಲಿನ ತನಕ ಸುತ್ತಿದ ಖಾಕಿ ಕಾಲುಪಟ್ಟಿ. ಅವರು ಕೈ ಎತ್ತುವುದಕ್ಕೂ ನನ್ನ ದೀಪದಲ್ಲಿ ಕರ್ಪೂರ ಮುಗಿಯುವುದಕ್ಕೂ ಸರಿಹೋಯಿತು.

"ಏ, ನಿಲ್ಲಲೇ! ದೀಪ ಎಲ್ಲೈತಿ?"

"ಈಗ ಇತ್ತರಿ ಯಪ್ಪಾ."

"ಈಗ ಇತ್ತು ಅಂದ್ರ? ಎಲ್ಲಿ ಹೋತು?"

ಮನೆಯಲ್ಲಿ ಆರತಿ ಮುಗಿದಾಗ ಹೇಳುವ ಮಾತೇ ರೂಢಿಯ ಮೇಲೆ ಬಾಯಿಗೆ ಬಂತು.

"ಶಿವನ ಪಾದ ಸೇರೇತ್ರಿ."

ಹೆಡ್ಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾರ ನೀ ಠಾಣೆ ಸೇರು, ನಡಿ" ಅಂದರು.

ಹಿಡಿದದ್ದು ನಾನು

ಠಾಣೆ ಅಂದ ಕೂಡಲೆ ನನಗೆ ಮಗಳ ನೆನಪಾಯಿತು. ಅವಳ ಮದುವೆ ಸಿರುಗುಪ್ಪದ ಮನೆತನದೊಂದಿಗೆ ಮಾತಾಗಿತ್ತು. ನಿಶ್ಚಯದ ವೀಳ್ಯ ಮಾತ್ರ ಬಾಕಿ. ಅಪ್ಪ ಠಾಣೆಯಲ್ಲಿ ಕೂತ ಅಂದರೆ ಆ ಹುಡುಗಿಯ ಗತಿ ಏನು? ಹೆಡ್ಡು ನನ್ನ ಹೆಗಲಿಗೆ ಕೈ ಹಾಕಲು ಒಂದು ಹೆಜ್ಜೆ ಮುಂದಿಟ್ಟರು. ನನಗೆ ಬೇರೇನೂ ತೋಚಲಿಲ್ಲ. ಚಿಕ್ಕಂದಿನಿಂದ ಗುರುಗಳೆದುರು, ಹಿರಿಯರೆದುರು, ಸ್ವಾಮಿಗಳೆದುರು ಏನು ಮಾಡುತ್ತ ಬಂದಿದ್ದೆನೋ ಅದನ್ನೇ ಮಾಡಿದೆ. ಸೈಕಲ್ ಕೈಬಿಟ್ಟು ದಬಕ್ಕನೆ ಅವರ ಕಾಲಿಗೆ ಬಿದ್ದು ಎರಡೂ ಕಾಲು ಗಟ್ಟಿಯಾಗಿ ಹಿಡಿದುಕೊಂಡೆ.

ನಮಸ್ಕಾರ ಮಾಡುವವನು ನಿಂತವರ ಕಾಲು ಹಿಡಿಯಬೇಕು. ನಡೆಯುವವರ ಕಾಲು ಹಿಡಿದರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಲಾಗಿ ಅವರ ಒಂದು ಕಾಲುಪಟ್ಟಿ ಸಡಿಲಾಗಿ ತುದಿ ಜೋಲುತ್ತಿತ್ತು. ನನ್ನ ಬೆರಳು ಅದರಲ್ಲಿ ಸಿಕ್ಕಿಕೊಂಡಿತು. ಹೆಡ್ಡು ಬಾಯಲ್ಲಿ ಏನೋ ಅನ್ನುತ್ತ ಅನ್ನುತ್ತಲೇ ಮುಂದಕ್ಕೆ ಬಾಗಿದರು. ಬಾಗಿದವರು ನನ್ನನ್ನು ದಾಟಿ ಹೋಗಿ ಸೈಕಲ್ಲಿನ ಮೇಲೆ ಬಿದ್ದರು. ಪೆಟ್ಟಿಗೆಯ ಮುಚ್ಚಳ ಕಿತ್ತುಬಂತು. ವಿಭೂತಿಯ ಪುಡಿಯೆಲ್ಲ ಭುಸ್ಸೆಂದು ಮೇಲೆದ್ದು ಅವರ ಮೇಲೆ ಇಳಿಯಿತು.

ಎದ್ದು ಕೂತಾಗ ಅವರ ರುಮಾಲು ಅತ್ತ ಬಿದ್ದಿತ್ತು. ತಲೆ, ಮೀಸೆ, ಅಂಗಿ, ತೋಳು, ಎಲ್ಲ ಬೆಳ್ಳಗೆ. ಎರಡು ಕಣ್ಣು ಮಾತ್ರ ಕೆಂಪಗೆ ಉರಿಯುತ್ತಿದ್ದವು. ನಾನು ಇನ್ನೂ ಕಾಲು ಬಿಟ್ಟಿರಲಿಲ್ಲ.

"ಬಿಡಲೇ!"

"ಕ್ಷಮಾ ಮಾಡೇನಿ ಅನ್ರಿ, ಬಿಡ್ತೀನ್ರಿ!"

"ಬಿಟ್ರ ಕ್ಷಮಾ, ಹಿಡಕೊಂಡ್ರ ಹ್ಯಾಂಗ ಕ್ಷಮಾ?"

ಪಕ್ಕದಲ್ಲಿ ಮಂಡಾಳು, ಅಂದರೆ ಮಂಡಕ್ಕಿ, ಮಾರುವ ಒಬ್ಬ ಮುದುಕಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಕಣ್ಣು ಸ್ವಲ್ಪ ಮಂದ, ಭಕ್ತಿ ಬಲು ಚುರುಕು. ಅವಳು ಎದ್ದು ಬಂದು ಸೆರಗು ಒಡ್ಡಿ ಹೆಡ್ಡಿನ ಮುಂದೆ ಕೂತಳು.

"ಅಯ್ಯನೋರ, ಯಾವ ಮಠದಿಂದ ಬಂದೀರಿ? ನಾಳಿ ನಮ್ಮ ಮನಿಗೆ ಭಿಕ್ಷಾಕ್ಕ ದಯಮಾಡಸ್ರಿ."

ಮಾವನಾಗುವವನ ಜಾಮೀನು

ಠಾಣೆಯಲ್ಲಿ ಮುಖ ತೊಳೆದು ಬಂದ ಹೆಡ್ಡು ಕೇಸು ಬರೆದರು. ದೀಪವಿಲ್ಲದ ಸೈಕಲ್ಲು ಒಂದು. ಅದಕ್ಕೆ ದಂಡ ಕಟ್ಟಿದರೆ ಮುಗಿಯಿತು. ಎರಡನೆಯದು ಕೇಳಿ ನಾನು ಗೋಡೆಗೆ ಒರಗಿದೆ. ಹಿಡಿಯಲು ಬಂದ ಪೋಲೀಸರಿಗೆ ಬಲ ಉಪಯೋಗಿಸಿ ಅಡ್ಡಿ ಮಾಡಿದ್ದು, ಕಾಲು ಎಳೆದು ಕೆಡವಿದ್ದು. ಇದು ರುಜುವಾತಾದರೆ ಜೈಲು.

"ಯಪ್ಪಾ, ನಾನು ನಮಸ್ಕಾರ ಮಾಡಿದ್ದರಿ."

"ಇಪ್ಪತ್ತು ವರ್ಷ ಸರ್ವೀಸ್ ಮಾಡೀನಿ. ಎಷ್ಟೋ ಮಂದಿ ಕಾಲಿಗೆ ಬಿದ್ದಾರ. ನಾ ಬಿದ್ದಿದ್ದು ಇದ ಮೊದಲು" ಅಂದರು ಹೆಡ್ಡು.

ಜಾಮೀನಿಗೆ ಆಸ್ತಿಯಿದ್ದವರು ಬೇಕು. ನನಗೆ ಗುರುತಿದ್ದವರಲ್ಲಿ ಹೊಲಗದ್ದೆ ಇದ್ದವರು ಒಬ್ಬರೇ, ಸಿರುಗುಪ್ಪದ ಬೀಗರು. ಇನ್ನೂ ಬೀಗರಾಗದ ಬೀಗರು! ಯಾರಿಗೆ ತಿಳಿಯಬಾರದೋ ಅವರಿಗೇ ಹೇಳಿ ಕಳಿಸಬೇಕಾಯಿತು. ರಾತ್ರಿಯಿಡೀ ಪಂಚಾಕ್ಷರಿ ಜಪ ಮಾಡಿದೆ. ನಡುನಡುವೆ ಹಲ್ಲು ಕಟಕಟ ಅಂದು ಜಪ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ಮರುದಿನ ಬೀಗರು ಬಂದರು. ದೊಡ್ಡ ರುಮಾಲು, ಜರಿ ಅಂಚಿನ ಶಲ್ಯ. ಶಾಂತ ಮನುಷ್ಯರು, ಮಾತು ತೂಕದ್ದು.

"ಏನ್ ಮಾಡೀರಿ?"

"ಕಾಲು ಹಿಡದೇನ್ರಿ."

"ಯಾರದು?"

"ಹೆಡ್ಡಿಂದು."

"ಅಷ್ಟಕ್ಕ ಕೇಸ?"

"ಅವರು ಬಿದ್ದರ್ರಿ."

ಬೀಗರು ಗಲ್ಲ ಉಜ್ಜಿಕೊಂಡರು. ಆಮೇಲೆ ಜಾಮೀನಿಗೆ ಸಹಿ ಹಾಕಿ, ನನ್ನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆದೊಯ್ದು ಮೆಲ್ಲಗೆ ಹೇಳಿದರು: "ನೋಡ್ರಿ, ನೀವು ದೇವರಂಥಾ ಮನಷ್ಯಾರು, ನನಗ ಗೊತ್ತೈತಿ. ಹುಡುಗೀನೂ ಬಂಗಾರದಂಥಾಕಿ. ಆದ್ರ ಕೋರ್ಟಿನ ತೀರ್ಪು ಬರೂತನಕ ವೀಳ್ಯ ಬ್ಯಾಡ."

"ಯಾಕ್ರಿ ಬೀಗರ, ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ?"

"ನಂಬಿಕಿ ಮಾತಲ್ಲರಿ. ಮಾವ ಜೈಲಿನ್ಯಾಗ ಇದ್ರ ಅಳಿಯ ಮೊದಲನೇ ದೀಪಾವಳಿಗೆ ಎಲ್ಲಿಗೆ ಬರಬೇಕು? ಅದನ್ನೂ ನೋಡಬೇಕಲ್ಲ!"

ಮನೆಗೆ ಬಂದರೆ ನಮ್ಮಾಕೆ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ನನಗೆ ನೀರು ಕೊಟ್ಟಳು, ಮೈಯೆಲ್ಲ ತಡವಿ ಪೆಟ್ಟಾಗಿಲ್ಲ ಅಂತ ನೋಡಿದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು:

"ಅಲ್ಲರಿ, ಹಬ್ಬದಾಗ ನಮ್ಮ ಅಪ್ಪನ ಕಾಲಿಗೆ ಬೀಳ್ರಿ ಅಂದ್ರ ಸೊಂಟ ಬಗ್ಗಂಗಿಲ್ಲ ಅಂತಿದ್ರಿ. ಪೋಲೀಸನ ಕಾಲಿಗೆ ಹ್ಯಾಂಗ ಬಗ್ಗೀತು?"

ವಕೀಲರ ಬುದ್ಧಿ

ಬಳ್ಳಾರಿಯ ವಕೀಲರೊಬ್ಬರು ನನ್ನ ಹತ್ತಿರ ಊದಿನಕಡ್ಡಿ ಕೊಳ್ಳುತ್ತಿದ್ದರು. ಅವರ ಮನೆಗೆ ಹೋಗಿ ಬಾಗಿಲಲ್ಲೇ ನಿಂತೆ. ರೂಢಿಯಂತೆ ಬಗ್ಗಲು ಹೋದರೆ ಅವರು ಎರಡು ಹೆಜ್ಜೆ ಹಿಂದೆ ಜಿಗಿದರು.

"ಅಲ್ಲೇ ನಿಲ್ಲು! ವಿಷಯ ಊರೆಲ್ಲ ಹಬ್ಬೇತಿ. ದೂರದಿಂದ ಹೇಳು."

ಎಲ್ಲ ಹೇಳಿದೆ. ಅವರು ಕಾಯಿದೆ ಬಿಡಿಸಿ ಹೇಳಿದರು. ಅಡ್ಡಿ ಮಾಡಿದ್ದು ರುಜುವಾತಾಗಬೇಕಾದರೆ ಸರ್ಕಾರದವರು ಮೂರು ಮಾತು ತೋರಿಸಬೇಕಂತೆ. ಬಂದವರು ಪೋಲೀಸರೆಂದು ನನಗೆ ಗೊತ್ತಿರಬೇಕು. ಹಿಡಿಯುತ್ತಿದ್ದಾರೆ ಅಂತ ಗೊತ್ತಿರಬೇಕು. ಗೊತ್ತಿದ್ದೂ ಬೇಕಂತಲೇ ಬಲ ಹಾಕಿ ತಡೆದಿರಬೇಕು.

"ಪೋಲೀಸರಂತ ಗೊತ್ತಿತ್ತೇನು?"

"ಗೊತ್ತಿದ್ದಕ್ಕ ಬಿದ್ದೇನ್ರಿ."

"ನಿನ್ನ ಹಿಡಿದೀನಿ ಅಂತ ಹೆಡ್ಡು ಅಂದ್ರೇನು?"

"ಹಿಡಿದಾವ ನಾನರಿ, ಅವರಲ್ಲ."

ವಕೀಲರು ಹಣೆ ಒತ್ತಿಕೊಂಡರು. "ಲೇ ತಮ್ಮಾ, ಇದನ್ನ ಅಲ್ಲಿ ಹೇಳಬ್ಯಾಡ. ಮ್ಯಾಜಿಸ್ಟ್ರೇಟರು ಕೇಳಿದಾಗ ಒಂದ ಮಾತು ಹೇಳು. ಕಾಲು ಮುಟ್ಟಲೇ ಇಲ್ಲ, ಹೆಡ್ಡು ತಾನೇ ಎಡವಿ ಬಿದ್ದ. ಸಾಕು. ನೀನು ಆರೋಪಿ, ನಿನಗ ಪ್ರಮಾಣ ಮಾಡ್ಸೂದಿಲ್ಲ. ಏನು ಹೇಳಿದ್ರೂ ನಡೀತೈತಿ."

ನನಗೆ ಅಳು ಬಂತು. ಸುಳ್ಳು ಹೇಳಿದರೆ ಮಗಳ ಮದುವೆ ಉಳಿಯುತ್ತದೆ. ನಿಜ ಹೇಳಿದರೆ ಜೈಲು. ಕೊರಳಿಗೆ ಕೈ ಹೋಯಿತು. ಇಷ್ಟಲಿಂಗವಿಟ್ಟ ಪುಟ್ಟ ಕರಡಿಗೆ ತಣ್ಣಗೆ ಕೈಗೆ ಸಿಕ್ಕಿತು.

"ಕೋರ್ಟಿನವರು ಪ್ರಮಾಣ ಮಾಡಸದಿದ್ರೂ ಇದು ಕೊರಳಾಗ ಐತಲ್ಲರಿ. ಇದು ಕೇಳಿಸ್ಕೊಂತೈತಿ."

ವಕೀಲರಿಗೆ ಕೋಪ ಬರುತ್ತದೆ ಅಂದುಕೊಂಡಿದ್ದೆ. ಕೋಪ ಬರಲಿಲ್ಲ. ಅವರು ಒಳಗೆ ಹೆಂಡತಿಯನ್ನು ಕೂಗಿ ಹೇಳಿದರು:

"ಏ ಇಕಿ, ಇವಗೊಂದು ತಾಟು ಊಟಕ್ಕ ಹಾಕು. ಮುಂದ ಒಳಗ ಏನು ಹಾಕ್ತಾರೋ ಏನೋ!"

ಜಪ್ತಿಯಾದ ವಿಭೂತಿ

ಕೇಸಿನ ದಿನ ಬಳ್ಳಾರಿ ಕೋರ್ಟಿಗೆ ಹೋದೆ. ಬೀಗರು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು, ಕೈಯಲ್ಲಿ ಕೊಡೆ ಹಿಡಿದು. ತೀರ್ಪು ಕೇಳಿಕೊಂಡು ಹಾಗೆಯೇ ಸಿರುಗುಪ್ಪದ ಬಸ್ಸು ಹಿಡಿಯುವವರು. ಅವರು ಯಾವ ಮಾತು ಒಯ್ಯುತ್ತಾರೆ ಎಂಬುದರ ಮೇಲೆ ನನ್ನ ಮಗಳ ಬಾಳು ನಿಂತಿತ್ತು.

ಮ್ಯಾಜಿಸ್ಟ್ರೇಟರು ಮದ್ರಾಸಿನ ಕಡೆಯವರು. ಪುಸ್ತಕದಿಂದ ಕನ್ನಡ ಕಲಿತವರು. ಎಲ್ಲರಿಗೂ ಬಹುವಚನ, ಆರೋಪಿಗೂ "ನೀವು". ಆ "ನೀವು" ಕೇಳಿಯೇ ನನಗೆ ಇನ್ನಷ್ಟು ಹೆದರಿಕೆ. ಕುರಿಗೆ ಹಾರ ಹಾಕಿದ ಹಾಗೆ ಅನ್ನಿಸುತ್ತಿತ್ತು.

ಸರ್ಕಾರದ ಪರವಾಗಿ ಒಬ್ಬ ಪೋಲೀಸ್ ಇನ್ಸ್‌ಪೆಕ್ಟರು ವಾದಿಸಿದರು. ಒಳ್ಳೆಯ ಗಂಟಲು. "ಸ್ವಾಮಿ, ಆರೋಪಿ ಎಷ್ಟು ಬಲ ಹಾಕಿ ಕೆಡವಿದ ಅನ್ನೋದಕ್ಕೆ ಸಾಕ್ಷಿ ಇದೆ. ಪೆಟ್ಟಿಗೆ ಒಡೆದು ಸೇರುಗಟ್ಟಲೆ ವಿಭೂತಿ ಹೊರಗೆ ಚೆಲ್ಲಿದೆ. ಅದನ್ನೆಲ್ಲ ಬಳಿದು, ಪೆಟ್ಟಿಗೆ ಸಮೇತ ಜಪ್ತಿ ಮಾಡಿ ಈ ಕೋರ್ಟಿನ ವಶಕ್ಕೆ ಕೊಟ್ಟಿದ್ದೇವೆ. ಇವತ್ತು ತಾವೇ ಕಣ್ಣಾರೆ ನೋಡಬೇಕು."

ಕೋರ್ಟಿನ ಜವಾನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. ಮುಚ್ಚಳ ತೆಗೆದರು. ಒಳಗೆ ನಾಲ್ಕು ರುದ್ರಾಕ್ಷಿ, ಒಂದು ಸತ್ತ ಜಿರಲೆ. ವಿಭೂತಿ ಒಂದು ಚಿಟಿಕೆಯೂ ಇಲ್ಲ.

"ಸಾಕ್ಷಿ ಎಲ್ಲಿ?" ಎಂದರು ಮ್ಯಾಜಿಸ್ಟ್ರೇಟರು.

ಜವಾನ ನೆಲ ನೋಡಿದ. ಅವನ ಹಣೆಯ ಮೇಲೆ ಮೂರು ಬೆರಳಿನ ದಪ್ಪ ಪಟ್ಟೆ. ಮ್ಯಾಜಿಸ್ಟ್ರೇಟರ ಕಣ್ಣು ಅಲ್ಲಿಂದ ಗುಮಾಸ್ತನ ಹಣೆಗೆ ಹೋಯಿತು, ಅಲ್ಲಿಯೂ ಮೂರು ಪಟ್ಟೆ. ಗುಮಾಸ್ತನಿಂದ ಇನ್ಸ್‌ಪೆಕ್ಟರ ಹಣೆಗೆ. ಇನ್ಸ್‌ಪೆಕ್ಟರು ಟೊಪ್ಪಿಗೆಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

ಜವಾನ ಕೈ ಮುಗಿದ. "ತಪ್ಪಾತ್ರಿ ಸ್ವಾಮಿ. ವಿಭೂತೀನ ಕೋಣ್ಯಾಗ ಹಾಕಿ ಕೀಲಿ ಹಾಕಬಾರದ್ರಿ, ಪಾಪ ಬರ್ತೈತಿ. ಅದಕ್ಕ ದಿನಾ ಮುಂಜಾನಿ ಒಂದೀಟು ಎಲ್ಲಾರಿಗೂ..."

"ಎಲ್ಲರಿಗೂ ಎಂದರೆ?"

"ಎಲ್ಲಾರಿಗೂರಿ. ತಮ್ಮ ಕೋಣ್ಯಾಗ ಬೆಳ್ಳಿ ಬಟ್ಟಲದಾಗ ಇಟ್ಟದ್ದೂ ಇದ ವಿಭೂತಿರಿ."

ಮ್ಯಾಜಿಸ್ಟ್ರೇಟರ ಕೈ ಮೆಲ್ಲಗೆ ತಮ್ಮ ಹಣೆಯ ತನಕ ಹೋಗಿ ಅಲ್ಲೇ ನಿಂತಿತು. ಆಮೇಲೆ ಬಹಳ ಗಡಿಬಿಡಿಯಲ್ಲಿ, "ಮುಂದಿನ ಸಾಕ್ಷಿಯನ್ನು ಕರೆಯಿರಿ" ಎಂದರು.

ಕಣ್ಣಾರೆ ಕಂಡವಳು

ಕಣ್ಣಾರೆ ಕಂಡ ಸಾಕ್ಷಿ ಮಂಡಾಳಿನ ಮುದುಕಿ ಒಬ್ಬಳೇ. ಕುರುಗೋಡಿನಿಂದ ಅವಳನ್ನು ಪೋಲೀಸರೇ ಬಸ್ಸಿಗೆ ಹತ್ತಿಸಿ ತಂದಿದ್ದರು. ದಾರಿಯಲ್ಲಿ ಏನು ಹೇಳಬೇಕೆಂದು ಕಲಿಸಿಯೂ ಇದ್ದರು. ಅವಳು ಕಟಕಟೆ ಹತ್ತುವಾಗ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಈ ತಾಯಿ ಒಂದು ಮಾತು ಅಂದರೆ ನಾನು ಮುಗಿದೆ.

"ಅಜ್ಜಿ, ಇವನು ಪೋಲೀಸರ ಕಾಲು ಹಿಡಿದು ಎಳೆದದ್ದು ನೋಡಿದೆಯಾ?" ಅಂದರು ಇನ್ಸ್‌ಪೆಕ್ಟರು.

"ಪೋಲೀಸರದಲ್ಲಪ್ಪಾ, ಅಯ್ಯನೋರದು. ಇಂವ ಭಕ್ತ. ಪಾದಾ ಹಿಡದಿದ್ದ. ಗಟ್ಟಿ ಭಕ್ತಿ ಯಪ್ಪಾ, ಈಗಿನವರಿಗೆಲ್ಲಿ ಬರ್ತೈತಿ!"

"ಅವರು ಯಾಕೆ ಬಿದ್ದರು?"

"ಮೈಮ್ಯಾಲೆ ದೇವರು ಬಂದಿತ್ತು."

ಇನ್ಸ್‌ಪೆಕ್ಟರು ಹೆಡ್ಡಿನ ಕಡೆ ತಿರುಗಿ ನಿಲ್ಲಲು ಹೇಳಿದರು. ಹೆಡ್ಡು ಕೆಂಪು ರುಮಾಲು ಸರಿಮಾಡಿಕೊಂಡು ಎದ್ದು ನಿಂತರು.

"ಸರಿಯಾಗಿ ನೋಡು. ಅವತ್ತು ಬಿದ್ದವರು ಇವರೇ ತಾನೆ?"

ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮ್ಯಾಜಿಸ್ಟ್ರೇಟರ ಕಡೆ ತಿರುಗಿ ಬೇಸರದಿಂದ ಹೇಳಿದಳು: "ಇಂವ ಹೆಡ್ಡು ಅಲ್ಲೇನ್ರಿ? ದಿನಾ ನನ್ನ ಬುಟ್ಟಿಯೊಳಗಿನ ಮಂಡಾಳು ಮುಕ್ಕಾವ! ಇಂವಗೆಲ್ಲಿ ಅಯ್ಯನೋರ ಕಳಾ ಬರ್ಬೇಕು?"

ಕೋರ್ಟಿನಲ್ಲಿ ನಮಸ್ಕಾರ

ಇಷ್ಟಾದರೂ ಇನ್ಸ್‌ಪೆಕ್ಟರ ಮುಖದಲ್ಲಿ ಸೋಲಿನ ಗುರುತಿರಲಿಲ್ಲ. ಮುದುಕಿಗೆ ಕಣ್ಣಿಲ್ಲ, ವಿಭೂತಿ ಇಲ್ಲ, ಆದರೆ ಹೆಡ್ಡು ಇದ್ದಾರೆ. ಪ್ರಮಾಣ ಮಾಡಿ ಹೇಳಿದ ಪೋಲೀಸರ ಮಾತು ಸಾಕು ಎಂದರು. ಹೆಡ್ಡು ಕಟಕಟೆಗೆ ಬಂದು ಪ್ರಮಾಣ ಮಾಡಿ, ಆರೋಪಿ ಎರಡೂ ಕಾಲು ಹಿಡಿದದ್ದು, ತಾವು ಬಿದ್ದದ್ದು, ಆಮೇಲೂ ಆರೋಪಿ ಬಿಡದೇ ಇದ್ದದ್ದು, ಎಲ್ಲ ಹೇಳಿದರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ನನ್ನ ಭಯ.

ಮ್ಯಾಜಿಸ್ಟ್ರೇಟರು ನನ್ನನ್ನು ಕೇಳಿದರು: "ನೀವು ಇವರ ಕಾಲನ್ನು ಹಿಡಿದಿರಾ?"

ನನ್ನ ವಕೀಲರು ಕೆಮ್ಮಿದರು. ಹಿಂದೆ ಬೀಗರ ಕೊಡೆ ನೆಲಕ್ಕೆ ಟಕ್ಕೆಂದು ತಾಗಿದ್ದು ಕೇಳಿಸಿತು. ಶಿವನೇ, ನೀನೇ ಗತಿ ಅಂತ ಕಣ್ಣು ಮುಚ್ಚಿದೆ.

"ಹಿಡದೇನ್ರಿ ಸ್ವಾಮಿ."

"ಗಟ್ಟಿಯಾಗಿಯೇ?"

"ಎಷ್ಟು ಹೆದರಿದ್ನೋ ಅಷ್ಟು ಗಟ್ಟಿಯಾಗಿರಿ."

ವಕೀಲರು ತಲೆಯನ್ನು ಮೇಜಿನ ಮೇಲೆ ಇಟ್ಟರು. ಇನ್ಸ್‌ಪೆಕ್ಟರು ಎದ್ದು, "ಆರೋಪಿಯೇ ಒಪ್ಪಿಕೊಂಡ ಮೇಲೆ ಇನ್ನೇನು ಬೇಕು ಸ್ವಾಮಿ?" ಎಂದರು.

"ಹಿಡಿದದ್ದನ್ನು ಒಪ್ಪಿದ್ದಾರೆ. ತಡೆಯಲು ಹಿಡಿದರೋ ಬೇಡಿಕೊಳ್ಳಲು ಹಿಡಿದರೋ, ಅದು ಇನ್ನೂ ತಿಳಿಯಲಿಲ್ಲ" ಎಂದರು ಮ್ಯಾಜಿಸ್ಟ್ರೇಟರು. ಸ್ವಲ್ಪ ಯೋಚಿಸಿ, "ಆ ದಿನ ನಡೆದದ್ದನ್ನು ಇಲ್ಲಿಯೇ ಮಾಡಿ ತೋರಿಸಿರಿ" ಎಂದರು.

ಇನ್ಸ್‌ಪೆಕ್ಟರಿಗೆ ಸಂತೋಷವಾಯಿತು. ಹೆಡ್ಡನ್ನು ನಡುಜಾಗದಲ್ಲಿ ನಿಲ್ಲಿಸಿದರು. ಹೆಡ್ಡು ಆ ದಿನ ಕಾಲುಪಟ್ಟಿಯನ್ನು ಎರಡು ಗಂಟು ಹಾಕಿ ಕಟ್ಟಿಕೊಂಡು ಬಂದಿದ್ದರು. ಕಾಲು ಅಗಲಿಸಿ, ಎಡಗೈಯಲ್ಲಿ ಕಟಕಟೆಯ ಕಂಬ ಹಿಡಿದು, ಗಾಳಿ ಬಂದರೂ ಅಲ್ಲಾಡದ ಹಾಗೆ ನಿಂತರು. ಬಲಗೈಯನ್ನು ನನ್ನ ಹೆಗಲಿನ ಕಡೆ ಚಾಚಿದರು.

ನಾನು ನಟಿಸಲು ಬಂದವನಲ್ಲ. ಆ ಕೈ ನನ್ನ ಕಡೆ ಬಂದದ್ದೇ ತಡ, ಕುರುಗೋಡಿನ ಆ ಸಂಜೆ ಇಡಿಯಾಗಿ ಮೈಗೆ ಬಂತು. ಜೈಲಿನ ಬಾಗಿಲು, ಮಗಳ ಮುಖ, ತಾಟಿನಲ್ಲಿ ಒಣಗುವ ವೀಳ್ಯದೆಲೆ, ಎಲ್ಲ ಒಂದೇ ಸಲ ಕಂಡವು. "ಯಪ್ಪಾ, ನನ್ನ ಮಗಳ ಮಾರಿ ನೋಡ್ರಿ" ಅನ್ನುತ್ತ ಅವರ ಎರಡೂ ಪಾದದ ಮೇಲೆ ಹಣೆ ಇಟ್ಟುಬಿಟ್ಟೆ. ನನ್ನ ಕಣ್ಣೀರು ಅವರ ಬೂಟಿನ ಮೇಲೆ ಬಿತ್ತು.

ಈ ಸಲ ಹೆಡ್ಡು ಬೀಳಲಿಲ್ಲ.

ಆದರೆ ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಒಂದು ಕಟ್ಟುಪಾಡಿದೆ. ಪಾದಕ್ಕೆ ಹಣೆ ಮುಟ್ಟಿಸಿದವನು ಶತ್ರುವೇ ಆಗಿರಲಿ, ಅವನ ತಲೆಯ ಮೇಲೆ ಕೈಯಿಟ್ಟು ಒಂದು ಒಳ್ಳೆಯ ಮಾತು ಆಡದೆ ಕಾಲು ತೆಗೆಯುವ ಹಾಗಿಲ್ಲ. ತೆಗೆದರೆ ಬಿದ್ದವನ ಕರ್ಮವೆಲ್ಲ ನಿಂತವನಿಗೆ ಅಂಟುತ್ತದೆ ಎಂದು ಹಿರಿಯರ ಮಾತು. ಹೆಡ್ಡಿನ ಬಲಗೈ ನನ್ನ ಹೆಗಲು ಬಿಟ್ಟು, ಮೆಲ್ಲಗೆ, ತನ್ನಷ್ಟಕ್ಕೆ ತಾನೇ, ನನ್ನ ತಲೆಯ ಮೇಲೆ ಬಂದು ಕೂತಿತು.

"ಒಳ್ಳೇದಾಗ್ಲಿ ಏಳಪ್ಪಾ. ಹೆಂಡ್ರು ಮಕ್ಕಳು ಸುಖವಾಗಿರ್ಲಿ."

ಇನ್ಸ್‌ಪೆಕ್ಟರ ಕೈಯಿಂದ ಕೇಸಿನ ಕಾಗದ ಬಿತ್ತು. ಹೆಡ್ಡಿಗೆ ತಾನು ಏನು ಮಾಡಿದೆನೆಂದು ಆಗ ತಿಳಿಯಿತು. ಕೈ ಹಿಂದಕ್ಕೆಳೆದುಕೊಂಡು ಬೆನ್ನ ಹಿಂದೆ ಬಚ್ಚಿಟ್ಟರು.

ಮ್ಯಾಜಿಸ್ಟ್ರೇಟರು ಲೇಖಣಿ ಕೆಳಗಿಟ್ಟರು. "ನೀವು ಪ್ರಮಾಣದ ಮೇಲೆ ಇದ್ದೀರಿ. ನಿಜ ಹೇಳಿರಿ. ಆ ದಿನವೂ ಇವರಿಗೆ ಆಶೀರ್ವಾದ ಮಾಡಿದಿರಾ?"

ಹೆಡ್ಡು ಬೆನ್ನ ಹಿಂದಿನ ಕೈ ಮುಂದೆ ತಂದರು. "ಮಾಡೇನ್ರಿ ಸ್ವಾಮಿ. ಅರ್ಧಾ."

"ಅರ್ಧ ಎಂದರೆ?"

"ಒಳ್ಳೇದಾಗ್ಲಿ ಅನ್ನೂದರಾಗ ಬಿದ್ದೇನ್ರಿ. ಹೆಂಡ್ರು ಮಕ್ಕಳು ಅನ್ನಾಕ ಆಗಲಿಲ್ಲ."

ನಗು ಹಿಂದಿನ ಬೆಂಚಿನಿಂದ ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ತೂಕದ ಮನುಷ್ಯರಾದ ನನ್ನ ಬೀಗರು. ಮ್ಯಾಜಿಸ್ಟ್ರೇಟರು ಮೇಜು ತಟ್ಟಿ ಸುಮ್ಮನಾಗಿಸಿದರು.

"ತನ್ನನ್ನು ತಡೆದು ಕೆಡವಲು ಬಂದವನಿಗೆ ಯಾರೂ ಆಶೀರ್ವಾದ ಮಾಡುವುದಿಲ್ಲ. ಇವರು ಬೇಡಿಕೊಳ್ಳುತ್ತಿದ್ದರೆಂದು ನಿಮಗೇ ಆಗ ತಿಳಿದಿತ್ತು" ಎಂದು ಹೆಡ್ಡಿಗೆ ಹೇಳಿ, ನನ್ನ ಕಡೆ ನೋಡಿ, ಮತ್ತೆ ಹೆಡ್ಡಿನ ಕಡೆ ನೋಡಿದರು. "ಈಗ ನನಗೆ ಒಂದು ಕಷ್ಟ. ಇವರನ್ನು ಜೈಲಿಗೆ ಕಳಿಸಿದರೆ ನಿಮ್ಮ ಆಶೀರ್ವಾದ ಸುಳ್ಳಾಗುತ್ತದೆ. ಬಿಟ್ಟರೆ ನಿಮ್ಮ ಕೇಸು ಸುಳ್ಳಾಗುತ್ತದೆ. ಎರಡರಲ್ಲಿ ಯಾವುದು ಸುಳ್ಳಾಗಬೇಕು, ನೀವೇ ಹೇಳಿರಿ."

ನಾನು ಇನ್ನೂ ಹೆಡ್ಡಿನ ಪಾದದ ಹತ್ತಿರವೇ ಕೂತಿದ್ದೆ. ಕೆಳಗಿನಿಂದ ಅವರ ಮೀಸೆ ಅಲುಗಾಡುವುದನ್ನು ನೋಡುತ್ತಿದ್ದೆ. ಅವರು ಮೇಲಧಿಕಾರಿಯನ್ನು ನೋಡಿದರು, ಸೂರು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಆಶೀರ್ವಾದ ಸುಳ್ಳಾಗಬಾರದ್ರಿ ಸ್ವಾಮಿ" ಎಂದರು, ಎರಡೂ ಕೈ ಜೋಡಿಸಿ. "ಕೇಸು ಬೇಕಾದ್ರ ಇನ್ನೊಂದು ಹಾಕಬೌದು."